ಮಲಪರೀಕ್ಷೆಯ ಕಿಟ್‌ನಿಂದ ಕೊಲೊನೋಸ್ಕೋಪಿಯವರೆಗೆ: ತುಮಕೂರಿನಲ್ಲಿ ನಾವು ಪಡೆದ ಸೇವೆ

ದೊಡ್ಡ ಕರುಳಿನ ಕ್ಯಾನ್ಸರನ್ನು ಮೊದಲೇ ಪತ್ತೆ ಹಚ್ಚಲು ಬಳಸುವ, ಮನೆಯಲ್ಲೇ ಮಾದರಿ ತೆಗೆದುಕೊಡಬಹುದಾದ ಮಲಪರೀಕ್ಷೆಯನ್ನು ನಾನು ಮತ್ತು ನನ್ನ ಪತ್ನಿ ಕಳೆದ ಮಾರ್ಚಿನಲ್ಲಿ ತುಮಕೂರಿನ ಒಂದು ಖಾಸಗಿ ಲ್ಯಾಬ್‌ನಲ್ಲಿ ಮಾಡಿಸಿದೆವು. ಅದರ ಫಲಿತಾಂಶ ಬಂದ ಮೇಲೆ, ಏಪ್ರಿಲ್ ಕೊನೆಯ ವಾರದಲ್ಲಿ, ಇದೇ ಊರಿನ ಒಂದು ಆಸ್ಪತ್ರೆಯಲ್ಲಿ ಇಬ್ಬರೂ ಕೊಲೊನೋಸ್ಕೋಪಿ, ಅಂದರೆ ತುದಿಯಲ್ಲಿ ಕ್ಯಾಮೆರಾ ಇರುವ ಕೊಳವೆಯನ್ನು ಗುದದ್ವಾರದಿಂದ ಒಳಗೆ ಬಿಟ್ಟು ದೊಡ್ಡ ಕರುಳನ್ನು ನೋಡುವ ಪರೀಕ್ಷೆ, ಮಾಡಿಸಿಕೊಂಡೆವು. ಈ ಎರಡು ಸೇವೆಗಳನ್ನೂ ಅವುಗಳ ನಡುವಿನ ಐದು ವಾರಗಳನ್ನೂ ಕುರಿತು ಬರೆಯುತ್ತಿದ್ದೇನೆ. ಲ್ಯಾಬ್‌ನ ಹೆಸರನ್ನಾಗಲಿ ಆಸ್ಪತ್ರೆಯ ಹೆಸರನ್ನಾಗಲಿ ಹೇಳುವುದಿಲ್ಲ. ನಾವು ಕಂಡ ಕೊರತೆಗಳು ಅವೆರಡಕ್ಕೆ ಮಾತ್ರ ಸೇರಿದವು ಎಂದು ನನಗೆ ಅನ್ನಿಸಿಲ್ಲ. ಪರೀಕ್ಷೆ ಒಂದು ಕಡೆ, ಅದರ ಮುಂದಿನ ಹೆಜ್ಜೆ ಇನ್ನೊಂದು ಕಡೆ ಇರುವ ಯಾವ ಊರಿನಲ್ಲಿಯೂ ಇವು ಕಾಣಿಸಿಕೊಳ್ಳಬಹುದು.

ಈ ಪರೀಕ್ಷೆಯ ವಿಚಾರ ನಮ್ಮ ಮನೆಗೆ ಬಂದದ್ದು ದುಃಖದ ದಾರಿಯಲ್ಲಿ. ನನ್ನ ಅಣ್ಣನಿಗೆ ಗುದನಾಳದ ಕ್ಯಾನ್ಸರ್ ಇದೆ ಎಂದು ಗೊತ್ತಾದಾಗ ಅವರಿಗೆ 54 ವರ್ಷ. ಅದಕ್ಕೂ ಹದಿನೆಂಟು ತಿಂಗಳು ಮೊದಲಿನಿಂದ ಮಲದ ಜೊತೆ ರಕ್ತ ಹೋಗುತ್ತಿದ್ದುದನ್ನು ಎಲ್ಲರೂ ಮೂಲವ್ಯಾಧಿ ಎಂದೇ ನಂಬಿದ್ದೆವು. ಅಣ್ಣ ನಂಬಿದ್ದರು, ಮುಲಾಮು ಬರೆದುಕೊಟ್ಟ ವೈದ್ಯರು ನಂಬಿದ್ದರು, ದಿನವೂ ಬೆಳಿಗ್ಗೆ ಮೂಲಂಗಿ ರಸ ಮಾಡಿಕೊಡುತ್ತಿದ್ದ ಅತ್ತಿಗೆ ನಂಬಿದ್ದರು, ಮಧುಗಿರಿ ತಾಲ್ಲೂಕಿನ ಪ್ರೌಢಶಾಲೆಯಲ್ಲಿ ಮಕ್ಕಳಿಗೆ ಜೀರ್ಣಾಂಗವ್ಯೂಹದ ಪಾಠ ಮಾಡುವ ನಾನೂ ನಂಬಿದ್ದೆ. ಹದಿನೆಂಟು ತಿಂಗಳಲ್ಲಿ ಒಬ್ಬರೂ ಕೈಗವಸು ಹಾಕಿಕೊಂಡು ಬೆರಳಿನಿಂದ ಗುದನಾಳವನ್ನು ಪರೀಕ್ಷಿಸಲಿಲ್ಲ. ಎರಡು ನಿಮಿಷದ ಆ ಪರೀಕ್ಷೆಗೆ ಯಂತ್ರ ಬೇಡ, ದುಡ್ಡು ಬೇಡ. ಕೊನೆಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋದಾಗ ಮೊದಲ ದಿನವೇ ಅದನ್ನು ಮಾಡಿದರು, ಗಡ್ಡೆ ಬೆರಳಿಗೇ ಸಿಕ್ಕಿತು. ಅಷ್ಟು ಹೊತ್ತಿಗೆ ಅದು ಯಕೃತ್ತಿಗೆ ಹರಡಿತ್ತು. ಅಣ್ಣ ಆಮೇಲೆ ಬದುಕಿದ್ದು ಹದಿನಾಲ್ಕು ತಿಂಗಳು.

ಈ ಕಾಯಿಲೆಯಲ್ಲಿ ಮನಸ್ಸಿಗೆ ಹೆಚ್ಚು ನೋವಾಗುವ ಸಂಗತಿಯೆಂದರೆ ಅದು ನಮಗೆ ಕೊಡುವ ಕಾಲಾವಕಾಶ. ಬಹುಪಾಲು ದೊಡ್ಡ ಕರುಳಿನ ಕ್ಯಾನ್ಸರ್‌ಗಳು ಕರುಳಿನ ಒಳಗೋಡೆಯ ಮೇಲೆ ಮೊಳೆಯುವ ಪಾಲಿಪ್ ಎಂಬ ಸಣ್ಣ ಮಾಂಸದ ಕುಡಿಯಿಂದ ಶುರುವಾಗುತ್ತವೆ. ಆ ಕುಡಿ ಕ್ಯಾನ್ಸರ್ ಆಗಿ ತಿರುಗಲು ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು ಬೇಕಾಗುತ್ತದೆ. ಅಷ್ಟರೊಳಗೆ ಅದನ್ನು ಕಂಡು ಕತ್ತರಿಸಿ ತೆಗೆದರೆ ಕ್ಯಾನ್ಸರ್ ಹುಟ್ಟುವುದೇ ತಪ್ಪುತ್ತದೆ. ಅಮೆರಿಕದ ಲೆಕ್ಕದಲ್ಲಿ, ಕಾಯಿಲೆ ಕರುಳಿನೊಳಗೇ ಇರುವಾಗ ಸಿಕ್ಕಿದವರಲ್ಲಿ 100ಕ್ಕೆ ಸುಮಾರು 90 ಮಂದಿ ಐದು ವರ್ಷದ ನಂತರವೂ ಬದುಕಿರುತ್ತಾರೆ. ದೂರದ ಅಂಗಗಳಿಗೆ ಹರಡಿದ ಮೇಲೆ ಸಿಕ್ಕಿದವರಲ್ಲಿ ಆ ಸಂಖ್ಯೆ ಸುಮಾರು 15ಕ್ಕೆ ಇಳಿಯುತ್ತದೆ. ಪಾಲಿಪ್‌ನಿಂದ ನೋವಿರುವುದಿಲ್ಲ. ಆದರೆ ದೊಡ್ಡದಾದ ಪಾಲಿಪ್‌ನಿಂದಲೂ ಕ್ಯಾನ್ಸರ್ ಗಡ್ಡೆಯಿಂದಲೂ ಆಗಾಗ ರಕ್ತ ಒಸರುತ್ತದೆ, ಅದೂ ಕಣ್ಣಿಗೆ ಕಾಣದಷ್ಟು ಸ್ವಲ್ಪ. ಮಲದಲ್ಲಿ ಬೆರೆತ ಆ ರಕ್ತವನ್ನು ಹುಡುಕುವುದೇ ಈ ಕಿಟ್‌ನ ಕೆಲಸ. ಲ್ಯಾಬ್‌ನವರು ಇದನ್ನು ಫಿಟ್ ಪರೀಕ್ಷೆ ಎನ್ನುತ್ತಾರೆ. ಇದೇ ಕೆಲಸಕ್ಕೆ ಹಿಂದೆ ಬಳಕೆಯಲ್ಲಿದ್ದ ಗ್ವಾಯಾಕ್ ಎಂಬ ಮಲಪರೀಕ್ಷೆಯ ದಿನಗಳಲ್ಲಿ ಮಾಂಸ, ಕೆಲವು ತರಕಾರಿಗಳನ್ನು ಮುಂಚಿತವಾಗಿ ಬಿಡಬೇಕಿತ್ತು, ಹಲವು ದಿನದ ಮಾದರಿ ಕೊಡಬೇಕಿತ್ತು. ಫಿಟ್ ಮನುಷ್ಯರ ಹಿಮೋಗ್ಲೋಬಿನ್ನನ್ನು ಮಾತ್ರ ಗುರುತಿಸುವ ಪ್ರತಿಕಾಯವನ್ನು ಬಳಸುವುದರಿಂದ ಊಟದ ಪಥ್ಯ ಬೇಡ, ಸಾಮಾನ್ಯವಾಗಿ ಒಂದೇ ಮಾದರಿ ಸಾಕು.

ಕಿಟ್‌ಗೆ ತಲಾ 700 ರೂಪಾಯಿ ಕೊಟ್ಟೆವು. ಹೆಬ್ಬೆರಳಿನಷ್ಟು ಉದ್ದದ ಒಂದು ಪ್ಲಾಸ್ಟಿಕ್ ಬಾಟಲಿ, ಅದರಲ್ಲಿ ಒಂದೆರಡು ಚಮಚದಷ್ಟೂ ಇಲ್ಲದ ದ್ರವ, ಮುಚ್ಚಳಕ್ಕೇ ಅಂಟಿಕೊಂಡಿರುವ ಒಂದು ಕಡ್ಡಿ. ಕಡ್ಡಿಯ ತುದಿಯಲ್ಲಿ ಸಣ್ಣ ಸಣ್ಣ ಗೀರುಗಳಿವೆ. ಮಲದ ನಾಲ್ಕೈದು ಕಡೆ ಕಡ್ಡಿಯನ್ನು ಚುಚ್ಚಿ ತೆಗೆದರೆ ಆ ಗೀರುಗಳಲ್ಲಿ ಉಳಿಯುವಷ್ಟೇ ಮಾದರಿ ಬೇಕಾದದ್ದು. ಕಡ್ಡಿಯನ್ನು ಬಾಟಲಿಗೆ ಇಳಿಸುವಾಗ ಒಂದು ಕಿರಿದಾದ ಕಂಠ ಹೆಚ್ಚಾದದ್ದನ್ನು ಒರೆಸಿಹಾಕುತ್ತದೆ, ಮುಚ್ಚಳ ಟಕ್ಕೆಂದು ಕೂರುತ್ತದೆ, ಅಲ್ಲಿಗೆ ಮುಗಿಯಿತು. ಕೈಗೆ ಏನೂ ತಾಗುವುದಿಲ್ಲ, ವಾಸನೆ ಬರುವುದಿಲ್ಲ. ಇದನ್ನು ವಿನ್ಯಾಸ ಮಾಡಿದವರು ಬಳಸುವವರ ಸಂಕೋಚವನ್ನು ಚೆನ್ನಾಗಿ ತಿಳಿದವರು. ಒಳ್ಳೆಯ ಪದಾರ್ಥಕ್ಕೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲೇಬೇಕು.

ಆದರೆ ಜೊತೆಗೆ ಕೊಟ್ಟ ಚೀಟಿಯಲ್ಲಿದ್ದ ಚಿತ್ರ ಕಮೋಡಿನದು. ಕಮೋಡಿನ ನೀರಿನ ಮೇಲೆ ಕಾಗದ ಹಾಸಿ, ಅದರ ಮೇಲೆ ಬಿದ್ದ ಮಲದಿಂದ ಮಾದರಿ ತೆಗೆಯುವಂತೆ ತೋರಿಸಿದ್ದರು. ನಮ್ಮ ಮನೆಯಲ್ಲಿರುವುದು ಕುಕ್ಕರಗಾಲಲ್ಲಿ ಕೂರುವ ಕಕ್ಕಸು, ನಮ್ಮ ಜಿಲ್ಲೆಯ ಹಳ್ಳಿಗಳ ಬಹುತೇಕ ಮನೆಗಳಲ್ಲಿರುವುದೂ ಅದೇ. ಅದರ ಇಳಿಜಾರಿನಲ್ಲಿ ಕಾಗದ ನಿಲ್ಲುವುದಿಲ್ಲ, ನಿಂತರೂ ನೀರು ತಾಗುತ್ತದೆ. ನೀರು ತಾಗಿದ ಮಾದರಿ ನಂಬಲು ಬಾರದು. ನನ್ನ ಪತ್ನಿ ಇದಕ್ಕೆ ತಾವೇ ಉಪಾಯ ಕಂಡುಕೊಂಡರು. ಒಣಗಿದ ಅಡಿಕೆ ಹಾಳೆಯ ತಟ್ಟೆಯೊಂದನ್ನು ಕಕ್ಕಸಿನ ಒಳಗೆ ಇಟ್ಟು, ಕೆಲಸ ಮುಗಿದ ಮೇಲೆ ತಟ್ಟೆಯನ್ನು ಮಣ್ಣಿನಲ್ಲಿ ಹೂತುಬಿಟ್ಟರು. ನಾನೂ ಹಾಗೆಯೇ ಮಾಡಿದೆ. ಇಷ್ಟು ಸಣ್ಣ ವಿಷಯವನ್ನು ಕನ್ನಡದಲ್ಲಿ ಎರಡು ಸಾಲು ಬರೆದು, ಒಂದು ಚಿತ್ರ ಹಾಕಿ ಹೇಳಿದ್ದರೆ ಎಷ್ಟೋ ಜನರಿಗೆ ಅನುಕೂಲವಾಗುತ್ತಿತ್ತು. ಕಿಟ್ ತೆಗೆದುಕೊಂಡು ಹೋಗಿ ವಾಪಸು ಕೊಡದೇ ಇರುವವರು ಬಹಳ ಮಂದಿ ಎಂದು ಲ್ಯಾಬ್‌ನ ಹುಡುಗ ಹೇಳಿದ. ಅವರೆಲ್ಲ ಹೆದರಿಕೊಂಡು ಬಿಟ್ಟವರಲ್ಲ, ಹೇಗೆ ತೆಗೆಯಬೇಕೆಂದು ತೋಚದೆ ಬಿಟ್ಟವರೂ ಅವರಲ್ಲಿರುತ್ತಾರೆ ಎಂಬುದು ನನ್ನ ಗಟ್ಟಿ ಅನುಮಾನ.

ಬಿಸಿಲಿನ ವಿಷಯವನ್ನು ಚೀಟಿಯಲ್ಲಿ ಹೇಳಿಯೇ ಇರಲಿಲ್ಲ. ಮಲದಲ್ಲಿರುವ ಹಿಮೋಗ್ಲೋಬಿನ್ ಶಾಖಕ್ಕೆ ಒಡೆದುಹೋಗುತ್ತದೆ; ಬೇಸಿಗೆಯಲ್ಲಿ ತಡವಾಗಿ ತಲುಪಿದ ಮಾದರಿಯಲ್ಲಿ ರಕ್ತವಿದ್ದರೂ ಇಲ್ಲವೆಂದು ಬರುವ ಸಾಧ್ಯತೆಯಿದೆ. ಇಟಲಿಯಂಥ ತಂಪು ದೇಶದಲ್ಲಿಯೇ ಬೇಸಿಗೆಯ ತಿಂಗಳುಗಳಲ್ಲಿ ಈ ಪರೀಕ್ಷೆ ಪತ್ತೆ ಮಾಡುವ ಪ್ರಮಾಣ ಇಳಿಯುವುದನ್ನು ಕಂಡಿದ್ದಾರೆ. ಮಧುಗಿರಿಯಿಂದ ತುಮಕೂರಿಗೆ ಮಧ್ಯಾಹ್ನದ ಬಸ್ಸಿನಲ್ಲಿ, ಮಾರ್ಚಿನ ಬಿಸಿಲಿನಲ್ಲಿ, ಕೈಚೀಲದಲ್ಲಿಟ್ಟುಕೊಂಡು ಬಂದ ಬಾಟಲಿಯ ಗತಿ ಏನಾಗಬಹುದು? ನಾವು ಹಿಂದಿನ ರಾತ್ರಿ ಬಾಟಲಿಗಳನ್ನು ಎರಡು ಪದರದ ಕವರಿನಲ್ಲಿ ಕಟ್ಟಿ ಫ್ರಿಜ್‌ನ ಬಾಗಿಲಿನಲ್ಲಿಟ್ಟು, ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೊರಟೆವು. ಹಾಗೆ ಮಾಡಬೇಕೆಂದು ಯಾರೂ ನಮಗೆ ಹೇಳಿರಲಿಲ್ಲ, ಅಣ್ಣನ ಕಾಯಿಲೆಯ ದಿನಗಳಲ್ಲಿ ಓದಿಕೊಂಡಿದ್ದು ಉಪಯೋಗಕ್ಕೆ ಬಂತು.

ಕೌಂಟರಿನಲ್ಲಿ ಕೇಳಬೇಕಾಗಿದ್ದ, ಆದರೆ ಕೇಳದೇ ಹೋದ ಪ್ರಶ್ನೆಯೇ ಈ ಸೇವೆಯ ದೊಡ್ಡ ಲೋಪ. ಹೆಸರು, ವಯಸ್ಸು, ಮೊಬೈಲ್ ಸಂಖ್ಯೆ ಬರೆದುಕೊಂಡರು. ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿತ್ತೇ ಎಂದು ಕೇಳಲಿಲ್ಲ. ಮಲದಲ್ಲಿ ಕಣ್ಣಿಗೆ ಕಾಣುವಂತೆ ರಕ್ತ ಹೋಗುತ್ತಿದೆಯೇ, ತೂಕ ಇಳಿದಿದೆಯೇ, ರಕ್ತಹೀನತೆ ಇದೆಯೇ ಎಂದೂ ಕೇಳಲಿಲ್ಲ. ಮುಟ್ಟಿನ ದಿನಗಳಲ್ಲಿ ಮಾದರಿ ತೆಗೆಯಬಾರದೆಂದು ನನ್ನ ಪತ್ನಿಗೆ ಹೇಳಲಿಲ್ಲ. ಈ ಕಿಟ್ ಇರುವುದು ಯಾವ ತೊಂದರೆಯೂ ಕಾಣಿಸಿಕೊಳ್ಳದವರಿಗಾಗಿ. ರಕ್ತ ಕಾಣಿಸಿಕೊಂಡವರು ಮೊದಲು ವೈದ್ಯರ ಕೈಯಲ್ಲಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಲ್ಯಾಬ್‌ನಲ್ಲಿ ಕಿಟ್ ಕೊಂಡು, ನೆಗೆಟಿವ್ ಬಂದಿತೆಂದು ಸುಮ್ಮನಿರಬಾರದು. ನನ್ನ ಅಣ್ಣನಂಥವರು ಆ ಕೌಂಟರಿಗೆ ಬಂದಿದ್ದರೆ ಅವರ ಕೈಗೂ ಒಂದು ಬಾಟಲಿ ಕೊಟ್ಟು ಕಳಿಸುತ್ತಿದ್ದರು. ಅದನ್ನು ನೆನೆದಾಗ ನನಗೆ ಈಗಲೂ ತಳಮಳವಾಗುತ್ತದೆ.

ಶನಿವಾರ ರಾತ್ರಿ ಒಂಬತ್ತು ಗಂಟೆಗೆ ಮೊಬೈಲಿಗೆ ಫಲಿತಾಂಶ ಬಂತು. ನನ್ನದು ನೆಗೆಟಿವ್, ಪತ್ನಿಯದು ಪಾಸಿಟಿವ್. ಅವರಿಗೆ 49 ವರ್ಷ, ಯಾವ ತೊಂದರೆಯೂ ಇರಲಿಲ್ಲ. ಸಂದೇಶದಲ್ಲಿ ಒಂದು ಪದ ಮತ್ತು ಒಂದು ಅಂಕಿ ಬಿಟ್ಟರೆ ಬೇರೇನೂ ಇರಲಿಲ್ಲ. ಭಾನುವಾರ ಲ್ಯಾಬ್‌ಗೆ ರಜೆ. ಪಾಸಿಟಿವ್ ಎಂದರೆ ಕ್ಯಾನ್ಸರ್ ಎಂದೇ ಅರ್ಥ ಮಾಡಿಕೊಂಡ ನನ್ನ ಪತ್ನಿ ಆ ರಾತ್ರಿ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಎದ್ದು ಮಗಳ ಮದುವೆಗೆಂದು ಚೀಟಿ ಹಾಕಿದ್ದ ಲೆಕ್ಕದ ಪುಸ್ತಕವನ್ನು ನನ್ನ ಕೈಗಿಟ್ಟು, "ಇದನ್ನೊಂದು ಸಲ ನೋಡಿಕೊಂಡುಬಿಡಿ" ಎಂದರು. ಪಾಸಿಟಿವ್ ಬಂದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಮೂಲವ್ಯಾಧಿ ಇರಬಹುದು, ಸಣ್ಣ ಹುಣ್ಣಿರಬಹುದು, ಪಾಲಿಪ್ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಕೊಲೊನೋಸ್ಕೋಪಿ ಮಾಡಿ ನೋಡಬೇಕು ಎಂಬುದಷ್ಟೇ ಅದರ ಅರ್ಥ. ಈ ಮಾತನ್ನು ಕನ್ನಡದಲ್ಲಿ ಅದೇ ಸಂದೇಶದ ಕೆಳಗೆ ಬರೆಯುವುದಕ್ಕೆ ಲ್ಯಾಬ್‌ನವರಿಗೆ ಒಂದು ರೂಪಾಯಿಯೂ ಖರ್ಚಾಗುತ್ತಿರಲಿಲ್ಲ. ಯಾವ ವೈದ್ಯರನ್ನು ಕಾಣಬೇಕು, ಎಷ್ಟು ದಿನದೊಳಗೆ ಕಾಣಬೇಕು ಎಂದು ಸೋಮವಾರ ನಾವೇ ಹೋಗಿ ಕೇಳಿದೆವು. ನಿಮ್ಮ ಡಾಕ್ಟರನ್ನು ಕೇಳಿ ಎಂಬ ಉತ್ತರ ಸಿಕ್ಕಿತು.

ನಮಗೆ ನಮ್ಮದೆಂಬ ಡಾಕ್ಟರು ಇರಲಿಲ್ಲ. ಹಳ್ಳಿಗಳಲ್ಲಿ ಎಷ್ಟು ಕುಟುಂಬಗಳಿಗೆ ಇದ್ದಾರೆ?

ಪರಿಚಯದವರೊಬ್ಬರ ಮೂಲಕ ಹೊಟ್ಟೆ ಮತ್ತು ಕರುಳಿನ ತಜ್ಞರನ್ನು ಕಂಡೆವು. ಅವರು ಮೊದಲು ನನ್ನ ಪತ್ನಿಗೆ ಧೈರ್ಯ ಹೇಳಿದರು, ಆಮೇಲೆ ನನ್ನ ಕಡೆ ತಿರುಗಿ ಮನೆತನದ ಬಗ್ಗೆ ಕೇಳಿದರು. ಅಣ್ಣನ ವಿಷಯ ಹೇಳುತ್ತಲೇ, "ಸರ್, ನೀವು ಈ ಕಿಟ್ ಮೇಲೆ ಭರವಸೆ ಇಟ್ಟುಕೊಳ್ಳುವ ಹಾಗಿರಲಿಲ್ಲ. ನಿಮಗೆ 40 ತುಂಬಿದಾಗಲೇ ನೇರವಾಗಿ ಕೊಲೊನೋಸ್ಕೋಪಿ ಆಗಬೇಕಿತ್ತು" ಎಂದರು. ತಂದೆ, ತಾಯಿ, ಒಡಹುಟ್ಟಿದವರು ಅಥವಾ ಮಕ್ಕಳಲ್ಲಿ ಒಬ್ಬರಿಗೆ ಈ ಕಾಯಿಲೆ 60 ವರ್ಷಕ್ಕೆ ಮುಂಚೆಯೇ ಬಂದಿದ್ದರೆ, ಉಳಿದವರು 40ನೇ ವಯಸ್ಸಿಗೆ, ಅಥವಾ ಕಾಯಿಲೆ ಬಂದವರ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಎರಡರಲ್ಲಿ ಯಾವುದು ಮುಂಚೆಯೋ ಆಗ ಕೊಲೊನೋಸ್ಕೋಪಿ ಮಾಡಿಸಿಕೊಂಡು ಐದು ವರ್ಷಕ್ಕೊಮ್ಮೆ ಮುಂದುವರಿಸಬೇಕೆಂಬುದು ಚಾಲ್ತಿಯಲ್ಲಿರುವ ಸಲಹೆ. ಏಕೆಂದರೆ ಫಿಟ್ ಎಲ್ಲವನ್ನೂ ಹಿಡಿಯುವುದಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಒಂದು ಸಲದ ಫಿಟ್ ಪರೀಕ್ಷೆ ಕ್ಯಾನ್ಸರ್ ಇರುವ 100 ಜನರಲ್ಲಿ ಸುಮಾರು 79 ಮಂದಿಯನ್ನು ಗುರುತಿಸುತ್ತದೆ. ಪಾಲಿಪ್‌ಗಳ ವಿಷಯದಲ್ಲಿ ಅದರ ಶಕ್ತಿ ಇನ್ನೂ ಕಡಿಮೆ. ಅದಕ್ಕಾಗಿಯೇ ಅದನ್ನು ಪ್ರತಿ ವರ್ಷ ಅಥವಾ ಎರಡು ವರ್ಷಕ್ಕೊಮ್ಮೆ ಮಾಡಿಸಬೇಕು ಎನ್ನುವುದು. ನನ್ನಂಥವನಿಗೆ ಒಂದು ನೆಗೆಟಿವ್ ಚೀಟಿ ಕೊಟ್ಟು ನಿರಾಳ ಮಾಡಿ ಕಳಿಸುವುದು ನಿಜಕ್ಕೂ ಅಪಾಯದ ಕೆಲಸ.

ದಿನಾಂಕ ಸಿಕ್ಕಿದ್ದು ಐದು ವಾರದ ನಂತರ. ವಾರಕ್ಕೆ ಮೂರೇ ದಿನ ಕೊಲೊನೋಸ್ಕೋಪಿ, ಅದರಲ್ಲಿ ರಕ್ತಸ್ರಾವದಿಂದ ಬಂದವರಿಗೆ ಮೊದಲ ಸರದಿ. ಆ ಕ್ರಮ ಸರಿಯಾದದ್ದೇ. ಕಾಯುವುದು ಕಷ್ಟವಾದರೂ ಭಯಪಡಬೇಕಿಲ್ಲ ಎಂದು ವೈದ್ಯರು ವಿವರಿಸಿದರು. ಅಮೆರಿಕದಲ್ಲಿ 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಪಾಸಿಟಿವ್ ಬಂದ ಮೇಲೆ ಹತ್ತು ತಿಂಗಳು ಮೀರಿ ತಡ ಮಾಡಿದವರಲ್ಲಿ ಕ್ಯಾನ್ಸರ್ ಸಿಗುವ ಮತ್ತು ಅದು ಮುಂದುವರಿದ ಹಂತದಲ್ಲಿರುವ ಸಾಧ್ಯತೆ ಹೆಚ್ಚಿತ್ತು, ಅದಕ್ಕೆ ಮೊದಲು ಮಾಡಿಸಿಕೊಂಡವರಲ್ಲಿ ಅಂಥ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಐದು ವಾರ ಕಾಯುವುದು ಅನಾಹುತವಲ್ಲ. ಕಾಯುವವರನ್ನು ಮರೆತುಬಿಡುವುದು ಅನಾಹುತ. ಈ ಆಸ್ಪತ್ರೆಯಲ್ಲಿ ಮರೆಯಲಿಲ್ಲ. ಎಂಡೋಸ್ಕೋಪಿ ವಿಭಾಗದ ಸಿಸ್ಟರ್ ಒಬ್ಬರು ಒಂದು ವಾರ ಮೊದಲು ಒಂದು ಸಲ, ಎರಡು ದಿನ ಮೊದಲು ಇನ್ನೊಂದು ಸಲ ಫೋನ್ ಮಾಡಿದರು. ನಾನು ತೆಗೆದುಕೊಳ್ಳುವ ಬಿಪಿ ಮಾತ್ರೆ ನಿಲ್ಲಿಸಬೇಡಿ, ಪತ್ನಿಯ ಕಬ್ಬಿಣದ ಮಾತ್ರೆಯನ್ನು ಈಗಲೇ ನಿಲ್ಲಿಸಿ ಎಂದು ಬಿಡಿಸಿ ಹೇಳಿದರು. ಕಬ್ಬಿಣದ ಮಾತ್ರೆ ಮಲವನ್ನು ಕಪ್ಪಾಗಿಸಿ ಅಂಟುವಂತೆ ಮಾಡುವುದರಿಂದ ಕರುಳು ಸರಿಯಾಗಿ ಶುದ್ಧವಾಗುವುದಿಲ್ಲವಂತೆ. ನಾವು ಪಡೆದ ಒಟ್ಟು ಸೇವೆಯಲ್ಲಿ ನನ್ನ ಲೆಕ್ಕಕ್ಕೆ ಅತ್ಯಂತ ಬೆಲೆಬಾಳುವ ಭಾಗ ಆ ಎರಡು ಫೋನ್ ಕರೆಗಳೇ.

ಅವರು ಫೋನ್ ಮಾಡದಿದ್ದರೆ ನಾವೂ ಎಡವುತ್ತಿದ್ದೆವು, ಏಕೆಂದರೆ ಆಸ್ಪತ್ರೆ ಕೊಟ್ಟಿದ್ದ ಪಥ್ಯದ ಹಾಳೆ ಇಂಗ್ಲಿಷಿನಲ್ಲಿತ್ತು. ಅದರಲ್ಲಿ ಬಿಡಬೇಕಾದ ಪದಾರ್ಥಗಳೆಂದು ಗೋಧಿ ಬ್ರೆಡ್ಡು, ಓಟ್ಸ್, ಬಾದಾಮಿ, ಅಣಬೆ ಎಲ್ಲ ಇದ್ದವು. ರಾಗಿಯ ಹೆಸರೇ ಇರಲಿಲ್ಲ. ಕೊಲೊನೋಸ್ಕೋಪಿಗೆ ಎರಡು ಮೂರು ದಿನ ಮೊದಲಿನಿಂದ ನಾರಿನಂಶ ಹೆಚ್ಚಿರುವ ಊಟ ಬಿಡಬೇಕು. ನಮ್ಮ ಕಡೆ ನಾರಿನಂಶವೆಂದರೆ ಮುದ್ದೆ, ಸೊಪ್ಪಿನ ಸಾರು, ಅವರೆಕಾಳು, ಹುರುಳಿ, ತೆಂಗಿನಕಾಯಿ ತುರಿ, ಬೀಜ ಸಮೇತ ಟೊಮೇಟೊ ಮತ್ತು ಸೀಬೆಹಣ್ಣು. ಬಿಳಿ ಅನ್ನ, ಮೊಸರು, ಇಡ್ಲಿ, ತಿಳಿಸಾರು ತಿನ್ನಬಹುದು. ಹಿಂದಿನ ದಿನ ತಿಳಿ ದ್ರವಗಳು ಮಾತ್ರ: ಎಳನೀರು, ಸೋಸಿದ ಬೇಳೆಕಟ್ಟು, ಹಾಲಿಲ್ಲದ ಚಹಾ. ಇದನ್ನೆಲ್ಲ ಸಿಸ್ಟರ್ ಬಾಯಲ್ಲಿ ಹೇಳಿದರು, ಹಾಳೆಯಲ್ಲಿ ಇರಲಿಲ್ಲ.

ನಾವು ಹೋದ ದಿನವೇ ಪಾವಗಡದ ಕಡೆಯಿಂದ ಬಂದ ಒಬ್ಬ ಹಿರಿಯರು ನಮ್ಮ ಪಕ್ಕದ ಮಂಚದಲ್ಲಿದ್ದರು. ಸುಮಾರು ನೂರು ಕಿಲೋಮೀಟರ್ ದೂರದಿಂದ, ಮಗನ ಜೊತೆ ಮೊದಲ ಬಸ್ಸಿಗೆ ಬಂದಿದ್ದರು. ಅವರ ಹೆಸರು ಕೊನೆಯ ಗಳಿಗೆಯಲ್ಲಿ ಸರದಿಗೆ ಸೇರಿದ್ದರಿಂದ ಫೋನ್ ಹೋಗಿರಲಿಲ್ಲ. ಸಿಸ್ಟರ್ ಬಂದು, "ಯಜಮಾನರೇ, ನಿನ್ನೆ ಏನು ಊಟ ಮಾಡಿದ್ರಿ?" ಎಂದು ಕೇಳಿದರು. "ಏನು ಮಾಡ್ಲಮ್ಮ, ಬೆಳಿಗ್ಗೆ ಒಂದು ಮುದ್ದೆ, ಸೊಪ್ಪಿನ ಸಾರು. ರಾತ್ರಿ ಆ ಪುಡಿ ನೀರು ಕುಡಿದೆ" ಎಂದು ಅವರು ಹೇಳಿದರು. ಒಳಗೆ ಕರೆದುಕೊಂಡು ಹೋಗಿ ಅರ್ಧ ಗಂಟೆಯೊಳಗೆ ವಾಪಸು ಕರೆತಂದರು. ಕರುಳು ಶುದ್ಧವಾಗಿರಲಿಲ್ಲ, ಏನೂ ಕಾಣಿಸಲಿಲ್ಲ, ಎರಡು ವಾರ ಬಿಟ್ಟು ಮತ್ತೆ ಬರಬೇಕು. ಮಗ ಗಾರೆ ಕೆಲಸದವರು, ಆ ದಿನದ ಕೂಲಿ ಹೋಯಿತು. ಮತ್ತೊಂದು ದಿನದ್ದೂ ಹೋಗಬೇಕು. ಹಿರಿಯರು ಯಾರನ್ನೂ ದೂರಲಿಲ್ಲ. ನಮ್ಮ ಕಡೆ ನೋಡಿ, "ಗೊತ್ತಿದ್ರೆ ಅನ್ನ ಉಣ್ತಿರಲಿಲ್ವಾ ಸ್ವಾಮಿ" ಎಂದಷ್ಟೇ ಹೇಳಿದರು. ವಾರಕ್ಕೆ ಮೂರೇ ದಿನ ನಡೆಯುವ, ಐದು ವಾರ ಕಾಯಿಸುವ ಒಂದು ಕೇಂದ್ರದಲ್ಲಿ ಒಂದು ಸರದಿ ಹೀಗೆ ವ್ಯರ್ಥವಾದರೆ ನಷ್ಟ ಅವರೊಬ್ಬರಿಗೆ ಮಾತ್ರವಲ್ಲ. ಅವರ ಹಿಂದೆ ಸಾಲಿನಲ್ಲಿರುವ ಇನ್ನೊಬ್ಬರೂ ಒಂದು ದಿನ ಹಿಂದಕ್ಕೆ ಹೋಗುತ್ತಾರೆ.

ಕರುಳು ಶುದ್ಧ ಮಾಡುವ ಪುಡಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಎರಡು ಲೀಟರ್ ನೀರಿನಲ್ಲಿ ಕದಡಿ, ಅರ್ಧವನ್ನು ರಾತ್ರಿ, ಇನ್ನರ್ಧವನ್ನು ಬೆಳಗಿನ ಜಾವ ಕುಡಿಯಬೇಕು. ರುಚಿ ಉಪ್ಪುಪ್ಪಾಗಿದ್ದರೂ ತಣ್ಣಗೆ ಮಾಡಿ ನಿಂಬೆರಸ ಹಿಂಡಿದರೆ ಕುಡಿಯಬಹುದು. ಆದರೆ ಆಮೇಲೆ ಹತ್ತು ಹದಿನೈದು ಸಲ ಕಕ್ಕಸಿಗೆ ಓಡಬೇಕಾಗುತ್ತದೆ. ಮನೆಗೆ ಹೊಂದಿಕೊಂಡ ಕಕ್ಕಸು, ತೊಟ್ಟಿಯ ತುಂಬ ನೀರು ಇರುವ ನಮಗೆ ಇದು ಒಂದು ರಾತ್ರಿಯ ಆಯಾಸ. ನೀರಿಗೆ ಬರವಿರುವ ಹಳ್ಳಿಯಲ್ಲಿ, ಹೊರಗಡೆ ದೂರದಲ್ಲಿ ಕಕ್ಕಸು ಇರುವ ಮನೆಯಲ್ಲಿ, ಬೆಳಗಿನ ಜಾವ ಪುಡಿ ಕುಡಿದು ಎರಡೂವರೆ ಗಂಟೆ ಬಸ್ಸಿನಲ್ಲಿ ಕೂರಬೇಕಾದವರಿಗೆ ಇದು ಸಾಧ್ಯವಾಗುವ ಮಾತಲ್ಲ. ದೂರದ ತಾಲ್ಲೂಕಿನವರನ್ನು ಹಿಂದಿನ ಸಂಜೆಯೇ ಕರೆಸಿಕೊಂಡು, ಕಕ್ಕಸು ಹತ್ತಿರವಿರುವ ಒಂದು ವಾರ್ಡಿನಲ್ಲಿ ಮಲಗಿಸಿ ಪುಡಿ ಕುಡಿಸುವ ಏರ್ಪಾಡು ಈ ಆಸ್ಪತ್ರೆಯಲ್ಲಿ ಇರಲಿಲ್ಲ. ಆಗಬೇಕೆಂದು ಬರೆದುಕೊಟ್ಟು ಬಂದಿದ್ದೇನೆ.

ಕೊಲೊನೋಸ್ಕೋಪಿಯ ಬಗ್ಗೆ ನನಗಿದ್ದ ಭಯವೆಲ್ಲ ಅನವಶ್ಯಕವಾಗಿತ್ತು. ಕೈಗೆ ಮತ್ತಿನ ಔಷಧಿ ಕೊಟ್ಟರು, ಎಡ ಮಗ್ಗುಲಿಗೆ ಮಲಗಿಸಿದರು, ಕಣ್ಣು ಬಿಟ್ಟಾಗ ಮುಗಿದಿತ್ತು. ಹೊಟ್ಟೆ ಒಂದು ಗಂಟೆ ಉಬ್ಬಿದಂತಿತ್ತು, ಅಷ್ಟೇ. ಮರ್ಯಾದೆಯ ವಿಷಯದಲ್ಲಿ ಆ ವಿಭಾಗದವರು ತೋರಿದ ಎಚ್ಚರವನ್ನು ವಿಶೇಷವಾಗಿ ಹೇಳಬೇಕು: ಹಿಂಭಾಗದಲ್ಲಿ ಮಾತ್ರ ತೆರೆಯುವ ಪೈಜಾಮ, ಹೆಂಗಸರಿಗೆ ಹೆಂಗಸರೇ ಸಹಾಯಕರು, ಬಾಗಿಲಿಗೆ ಪರದೆ. ವರದಿಯೂ ಒಪ್ಪವಾಗಿತ್ತು. ಕರುಳಿನ ತುದಿಯವರೆಗೆ ಕ್ಯಾಮೆರಾ ತಲುಪಿದೆ ಎಂಬುದಕ್ಕೆ ಚಿತ್ರ, ಕರುಳು ಎಷ್ಟು ಶುದ್ಧವಾಗಿತ್ತು ಎಂಬ ಟಿಪ್ಪಣಿ, ಕೊಳವೆಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತ ಪರೀಕ್ಷಿಸಿದ ಸಮಯ ಎಲ್ಲವೂ ಅದರಲ್ಲಿದ್ದವು. ಹಿಂದಕ್ಕೆ ಎಳೆಯುವಾಗ ಕನಿಷ್ಠ ಆರು ನಿಮಿಷವಾದರೂ ನಿಧಾನವಾಗಿ ನೋಡಬೇಕೆಂಬುದು ಬಹುಕಾಲದಿಂದ ಬಂದ ಮಾನದಂಡ, ಅಮೆರಿಕದ ತಜ್ಞರ ಸಂಘಗಳು 2024ರಲ್ಲಿ ಅದನ್ನು ಎಂಟು ನಿಮಿಷಕ್ಕೆ ಏರಿಸಿವೆ. ನನ್ನ ವರದಿಯಲ್ಲಿ ಒಂಬತ್ತು ನಿಮಿಷ ಎಂದಿತ್ತು. ಕೊಲೊನೋಸ್ಕೋಪಿ ಮಾಡಿಸುವವರು ವರದಿಯಲ್ಲಿ ಈ ಮೂರು ಸಂಗತಿಗಳಿವೆಯೇ ಎಂದು ನೋಡಿಕೊಳ್ಳಬೇಕು, ಇಲ್ಲದಿದ್ದರೆ ಕೇಳಬೇಕು.

ನನ್ನ ಕರುಳಿನಲ್ಲಿ ಏನೂ ಇರಲಿಲ್ಲ. ಪತ್ನಿಯ ಕರುಳಿನ ಎಡಭಾಗದಲ್ಲಿ 12 ಮಿಲಿಮೀಟರಿನ ಒಂದು ಪಾಲಿಪ್ ಇತ್ತು. ತಂತಿಯ ಕುಣಿಕೆ ಹಾಕಿ ಆಗಲೇ ಕತ್ತರಿಸಿ ತೆಗೆದು ಬಯಾಪ್ಸಿಗೆ ಕಳಿಸಿದರು. ವರದಿ ಬರುವ ಎಂಟು ದಿನ ನಮ್ಮ ಮನೆಯಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ. ಅದು ಅಡಿನೋಮ, ಅಂದರೆ ಮುಂದೆ ಕ್ಯಾನ್ಸರ್ ಆಗಬಹುದಾಗಿದ್ದ ಜಾತಿಯ ಪಾಲಿಪ್. ಕ್ಯಾನ್ಸರ್ ಇನ್ನೂ ಆಗಿರಲಿಲ್ಲ. ಚಿತ್ರದಲ್ಲಿ ಅದು ಕೆಂಪಗಿನ ಒಂದು ಪುಟ್ಟ ಅಣಬೆಯಂತೆ ಕಾಣುತ್ತಿತ್ತು. ಅಣ್ಣನ ಕಾಯಿಲೆಯೂ ಎಂದೋ ಒಂದು ದಿನ ಇಷ್ಟೇ ಚಿಕ್ಕದಾಗಿದ್ದಿರಬೇಕು ಎಂದು ಆ ಚಿತ್ರವನ್ನು ಬಹಳ ಹೊತ್ತು ನೋಡಿದೆ.

ನನ್ನ ಕೊಲೊನೋಸ್ಕೋಪಿಗೆ 7,500 ರೂಪಾಯಿ, ಪತ್ನಿಯದಕ್ಕೆ ಪಾಲಿಪ್ ತೆಗೆದದ್ದು ಮತ್ತು ಬಯಾಪ್ಸಿ ಸೇರಿ 13,000 ರೂಪಾಯಿ ಆಯಿತು. ಕೊಟ್ಟ ಸೇವೆಗೆ ದುಬಾರಿ ಎನ್ನಲಾರೆ. ಆದರೆ ಸಂಬಳ ಬರುವ ನಮಗೂ ಇದು ಯೋಚಿಸಿ ಮಾಡುವ ಖರ್ಚು, ಕೂಲಿಯ ಮನೆಗೆ ಸಾಲ ಮಾಡಿ ಮಾಡುವ ಖರ್ಚು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ನೆರವಾಗುತ್ತದೆ. ಅಣ್ಣನ ಚಿಕಿತ್ಸೆಗೆ ಅದರಿಂದ ಉಪಕಾರವಾದದ್ದನ್ನು ನಾನು ಮರೆಯುವುದಿಲ್ಲ. ಕಾಯಿಲೆ ಬಂದ ಮೇಲೆ ಲಕ್ಷಗಳಲ್ಲಿ ಕೊಡುವ ಹಣದ ಒಂದು ಸಣ್ಣ ಪಾಲು ಅದು ಬರುವುದಕ್ಕೆ ಮುಂಚೆ ಸಿಕ್ಕಿದ್ದರೆ ಎಂಬ ಆಸೆ ಮಾತ್ರ ಉಳಿದುಕೊಂಡಿದೆ.

ಸರ್ಕಾರದ ಕಡೆಯಿಂದ ತಪಾಸಣೆಯೇ ನಡೆಯುತ್ತಿಲ್ಲ ಎಂದಲ್ಲ. 2010ರಲ್ಲಿ ಶುರುವಾದ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಡಿ 30 ವರ್ಷ ದಾಟಿದವರಿಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಇದೆ. ರಾಜ್ಯದ ಗೃಹ ಆರೋಗ್ಯ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೇ ಬರುತ್ತಾರೆ. ದೊಡ್ಡ ಕರುಳಿನ ಕ್ಯಾನ್ಸರ್ ಆ ರಾಷ್ಟ್ರೀಯ ಪಟ್ಟಿಯಲ್ಲಿಲ್ಲ. ಕಾರಣಗಳು ಅರ್ಥವಾಗುವಂಥವೇ. ಪಶ್ಚಿಮದ ದೇಶಗಳಿಗೆ ಹೋಲಿಸಿದರೆ ನಮ್ಮಲ್ಲಿ ಈ ಕಾಯಿಲೆ ಕಡಿಮೆ, ಕೊಲೊನೋಸ್ಕೋಪಿ ಮಾಡಬಲ್ಲವರು ಜಿಲ್ಲಾ ಕೇಂದ್ರ ಬಿಟ್ಟರೆ ಸಿಗುವುದು ಕಷ್ಟ. 50 ದಾಟಿದ ಎಲ್ಲರಿಗೂ ನಾಳೆಯೇ ಕೊಲೊನೋಸ್ಕೋಪಿ ಎಂದರೆ ಇರುವ ಕೆಲವೇ ಯಂತ್ರಗಳ ಮುಂದೆ ವರ್ಷಗಟ್ಟಲೆ ಸಾಲು ನಿಲ್ಲುತ್ತದೆ, ರಕ್ತ ಹೋಗುತ್ತಿರುವವರು ಆ ಸಾಲಿನ ಹಿಂದೆ ಸಿಕ್ಕಿಹಾಕಿಕೊಳ್ಳುತ್ತಾರೆ.

ಕಡಿಮೆ ಯಂತ್ರ, ಕಡಿಮೆ ತಜ್ಞರು ಇರುವ ಕಡೆಯೇ ಫಿಟ್‌ನ ನಿಜವಾದ ಉಪಯೋಗ ಎಂಬುದು ನನ್ನ ತಿಳಿವಳಿಕೆ. ಜಪಾನ್ 1992ರಿಂದ 40 ದಾಟಿದವರಿಗೆ ಪ್ರತಿ ವರ್ಷ ಇದನ್ನೇ ಮಾಡುತ್ತಿದೆ. ಇಂಗ್ಲೆಂಡಿನಲ್ಲಿ ಕಿಟ್ಟನ್ನು ಅಂಚೆಯಲ್ಲಿ ಮನೆಗೇ ಕಳಿಸುತ್ತಾರೆ. ಹಳೆಯ ಪರೀಕ್ಷೆಯ ಬದಲು ಒಂದೇ ಮಾದರಿಯ ಫಿಟ್ ಕೊಟ್ಟು ನೋಡಿದಾಗ ಕಿಟ್ ಹಿಂದಿರುಗಿಸಿದವರ ಪ್ರಮಾಣ ಶೇ. 59ರಿಂದ ಶೇ. 66ಕ್ಕೆ ಏರಿತು, 2019ರಲ್ಲಿ ಅಲ್ಲಿ ಎಲ್ಲೆಡೆ ಅದನ್ನೇ ಜಾರಿಗೆ ತಂದರು. ಕೋವಿಡ್ ಕಾಲದಲ್ಲಿ ಎಂಡೋಸ್ಕೋಪಿ ನಿಂತುಹೋಗಿ ಸಾಲು ಬೆಳೆದಾಗ, ತೊಂದರೆ ಹೇಳಿಕೊಂಡು ಬಂದವರಲ್ಲಿ ಯಾರಿಗೆ ಮೊದಲು ಕೊಲೊನೋಸ್ಕೋಪಿ ಮಾಡಬೇಕೆಂದು ವಿಂಗಡಿಸುವುದಕ್ಕೂ ಅಲ್ಲಿನ ವೈದ್ಯರು ಫಿಟ್ ಬಳಸಿದರು. ಅಮೆರಿಕದ ಉತ್ತರ ಕ್ಯಾಲಿಫೋರ್ನಿಯಾದ ಕೈಸರ್ ಪರ್ಮನೆಂಟೆ ಎಂಬ ಆರೋಗ್ಯ ಸೇವಾ ಸಂಸ್ಥೆಯಲ್ಲಿ, ಅಂಚೆಯಲ್ಲಿ ಕಿಟ್ ಕಳಿಸಿ, ನೆನಪಿಸಿ, ಪಾಸಿಟಿವ್ ಬಂದವರನ್ನು ಹಿಂಬಾಲಿಸಿ ಕರೆತರುವ ಕ್ರಮದಿಂದ 2000ದಲ್ಲಿ ಶೇ. 38.9 ಇದ್ದ ತಪಾಸಣೆ 2015ಕ್ಕೆ ಶೇ. 82.7ಕ್ಕೆ ಏರಿತು, ಈ ಕ್ಯಾನ್ಸರ್‌ನಿಂದ ಸಾಯುವವರ ಪ್ರಮಾಣ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಅಲ್ಲಿ ಗೆದ್ದದ್ದು ಬಾಟಲಿಯೊಂದೇ ಅಲ್ಲ, ಬಾಟಲಿಯ ಹಿಂದೆ ಹೋದ ಫೋನ್ ಕರೆಯೂ ಹೌದು.

ನಮ್ಮ ಜಿಲ್ಲೆಯಲ್ಲಿ ಎಲ್ಲರಿಂದ ಶುರುಮಾಡಬೇಕಿಲ್ಲ. ಮನೆಗೆ ಬರುವ ಆಶಾ ಕಾರ್ಯಕರ್ತೆಯ ಪಟ್ಟಿಗೆ ಎರಡು ಪ್ರಶ್ನೆ ಸೇರಲಿ: ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿತ್ತೇ, ಮಲದಲ್ಲಿ ರಕ್ತ ಹೋಗುತ್ತಿದೆಯೇ. ಹೌದೆಂದವರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದಾಗ ಬೆರಳಿನ ಪರೀಕ್ಷೆಯೂ ಹಿಮೋಗ್ಲೋಬಿನ್ ಪರೀಕ್ಷೆಯೂ ತಪ್ಪದೆ ಆಗಲಿ. ಕಿಟ್ಟನ್ನು ಎಲ್ಲಿ ಕೊಡುತ್ತಾರೋ ಅಲ್ಲಿಯೇ ಪಾಸಿಟಿವ್ ಬಂದವರ ಹೆಸರು ಬರೆಯುವ ಒಂದು ಪುಸ್ತಕ ಇರಲಿ, ಕೊಲೊನೋಸ್ಕೋಪಿ ಮುಗಿಯುವವರೆಗೆ ಆ ಹೆಸರನ್ನು ಹೊಡೆದುಹಾಕದಿರಲಿ. ಆಶಾ ಕಾರ್ಯಕರ್ತೆಯರ ಮೇಲೆ ಈಗಾಗಲೇ ಎಷ್ಟು ಹೊರೆಯಿದೆ ಎಂಬುದು ನನಗೆ ಗೊತ್ತು, ಅವರ ಮಕ್ಕಳು ನಮ್ಮ ಶಾಲೆಯಲ್ಲೇ ಓದುತ್ತಾರೆ. ಆದ್ದರಿಂದ ಈ ಕೆಲಸಕ್ಕೆ ಅವರಿಗೆ ಬೇರೆ ಪ್ರೋತ್ಸಾಹಧನ ಕೊಡದೆ ಹೇಳುವುದು ನ್ಯಾಯವಾಗುವುದಿಲ್ಲ.

ಸೇವೆಗಳ ಬಗ್ಗೆ ನನ್ನ ತೀರ್ಮಾನ ಕೇಳುವವರಿಗೆ ಹೀಗೆ ಹೇಳುತ್ತೇನೆ. ಕಿಟ್ ಒಳ್ಳೆಯದು, 45 ದಾಟಿದ, ಮನೆಯಲ್ಲಿ ಈ ಕಾಯಿಲೆಯ ಚರಿತ್ರೆ ಇಲ್ಲದ, ಯಾವ ತೊಂದರೆಯೂ ಇಲ್ಲದವರು ಧೈರ್ಯವಾಗಿ ಮಾಡಿಸಬಹುದು. ಆದರೆ ಕೊಳ್ಳುವ ಮೊದಲೇ, ಪಾಸಿಟಿವ್ ಬಂದರೆ ಯಾರನ್ನು ಕಾಣಬೇಕೆಂದು ಗೊತ್ತುಮಾಡಿಕೊಂಡಿರಬೇಕು. ಲ್ಯಾಬ್‌ನ ಸೇವೆ ಅರ್ಧ ಮಾತ್ರ, ಅದಕ್ಕೆ ನಾನು ಮತ್ತೆ ಹೋಗಬೇಕಾದರೆ ಅವರು ಕೇಳುವುದನ್ನೂ ಹೇಳುವುದನ್ನೂ ಕಲಿಯಬೇಕು. ಆಸ್ಪತ್ರೆಯ ಎಂಡೋಸ್ಕೋಪಿ ವಿಭಾಗಕ್ಕೆ ನಾನು ಯಾರನ್ನು ಬೇಕಾದರೂ ಕಳಿಸುತ್ತೇನೆ.

ಈಗಾಗಲೇ ಒಬ್ಬರನ್ನು ಕಳಿಸುತ್ತಿದ್ದೇವೆ. ಪತ್ನಿಗೆ ಸಿಕ್ಕಿದ್ದು ಒಂದು ಸೆಂಟಿಮೀಟರಿಗಿಂತ ದೊಡ್ಡ ಅಡಿನೋಮವಾದ್ದರಿಂದ ಅವರು ಮೂರು ವರ್ಷದ ನಂತರ ಮತ್ತೆ ಕೊಲೊನೋಸ್ಕೋಪಿ ಮಾಡಿಸಬೇಕು, ಅವರ ಒಡಹುಟ್ಟಿದವರೂ ಮಾಡಿಸಿಕೊಳ್ಳಬೇಕು ಎಂದು ವೈದ್ಯರು ಹೇಳಿದ್ದಾರೆ. ಗುಬ್ಬಿಯಲ್ಲಿರುವ ಅವರ ಅಕ್ಕನಿಗೆ 56 ವರ್ಷ, ಒಪ್ಪಿಸುವುದಕ್ಕೆ ಒಂದು ತಿಂಗಳು ಬೇಕಾಯಿತು. ಬರುವ ಮಂಗಳವಾರ ಅವರ ಸರದಿ. ನಾನು ಪಥ್ಯದ ವಿವರಗಳನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಬರೆದು ಸಿಸ್ಟರ್‌ಗೆ ಕೊಟ್ಟಿದ್ದೆ. ವೈದ್ಯರು ಅದನ್ನು ಓದಿ, ಎರಡು ಕಡೆ ತಿದ್ದಿ, ನೂರು ಪ್ರತಿ ತೆಗೆಸಿದ್ದಾರೆ. ಮೊದಲ ಸಾಲಿನಲ್ಲೇ ದಪ್ಪ ಅಕ್ಷರದಲ್ಲಿ ರಾಗಿ ಎಂದಿದೆ. ಅಕ್ಕ ನಿನ್ನೆ ಫೋನ್ ಮಾಡಿ, ಶನಿವಾರದಿಂದಲೇ ಮುದ್ದೆ ಬಿಡುತ್ತೇನೆ, ಪುಡಿಗೆ ಹಿಂಡಲು ಮನೆಯಲ್ಲಿ ನಿಂಬೆಹಣ್ಣು ಇದೆ ಎಂದು ತಿಳಿಸಿದರು.